ಮೂವತ್ತೇಳನೇ ಮನೆ

ಎಟಿಎಂ ಕಾರ್ಡಿನಷ್ಟೇ ಅಗಲ, ದಪ್ಪ ಸ್ವಲ್ಪ ಜಾಸ್ತಿ.
ಸಿಂಥಸೈಜರಿನ ಬೆನ್ನಿಗೆ ಸಿಕ್ಕಿಸಿದರೆ
ಅರವತ್ನಾಲ್ಕು ಮನೆ.
ಒಂದೊಂದು ಮನೆಗೂ ಒಂದೊಂದು ದನಿ,
ಬಾಗಿಲ ಮೇಲೆ ಎಂಟೇ ಇಂಗ್ಲಿಷ್ ಅಕ್ಷರದ ಹೆಸರು.
ಯಂತ್ರದ ಸ್ವಂತ ನೆನಪು ಹೋಗಿ ಏಳು ವರ್ಷವಾಯಿತು;
ನಮ್ಮ ಬ್ಯಾಂಡಿನ ಸಂಸಾರವೆಲ್ಲ ಈ ಕಾರ್ಡಿನ ಮೇಲೆ.

ನಾಳಿದ್ದು ಮಾನ್ವಿಯಲ್ಲಿ ಮೆರವಣಿಗೆ.
ಮದುಮಗನ ತಮ್ಮ ಫೋನು ಮಾಡಿದ:
"ಸೈರನ್ ಇರಬೇಕ್ರಿ, ಈಗಿನ ನಮೂನಿ."
ಮಾಡಿದೆ, ಅರ್ಧ ಗಂಟೆಯ ಕೆಲಸ.
ಇಡಲು ಹೋದರೆ ಮನೆ ಖಾಲಿಯಿಲ್ಲ.
ಯಾವುದರ ಮೇಲೆ ಬರೆಯಲಿ, ಕೇಳುತ್ತದೆ ಯಂತ್ರ.
ಹೌದಿಗೆ ಒಂದು ಬಟನ್, ಇಲ್ಲಕ್ಕೆ ಒಂದು,
ನಡುವೆ ನಿಂತು ತಲೆ ಕೆರೆಯುವವನಿಗೆ ಏನೂ ಇಲ್ಲ.

ಜನಗಣತಿಯವನಂತೆ ಮನೆಮನೆ ತಿರುಗಿದೆ.
ನಾಲ್ಕರಲ್ಲಿ ಶಹನಾಯಿ. ಊಟ ಹಾಕುವ ದನಿ, ಮುಟ್ಟುವಂತಿಲ್ಲ.
ಹನ್ನೊಂದರಲ್ಲಿ ಹಲಗಿ; ಗಂಟೆಯ ಸದ್ದನ್ನು ಇಳಿಸಿ ಇಳಿಸಿ
ಚರ್ಮಕ್ಕೆ ತಂದದ್ದು, ಬೆಂಕಿಗೆ ಕಾಸದೆಯೂ ಬಿಗಿ.
ಹತ್ತೊಂಬತ್ತರಲ್ಲಿ ಜಪಾನಿನವರು ಇಟ್ಟ ಹಿಮಗಾಳಿ.
ರಾಯಚೂರಲ್ಲಿ ಅದನ್ನು ಯಾರೂ ಕೇಳಿಲ್ಲ.
ಮೇ ತಿಂಗಳ ಮಧ್ಯಾಹ್ನ ಒಬ್ಬನೇ ಇದ್ದಾಗ
ಒತ್ತಿಕೊಂಡು ಕೂಡುತ್ತೇನೆ.
ಮೂವತ್ತಾರು ಏನೋ ಪ್ರಯೋಗ, ಆಡಿಗೂ ಮೋಟರಿಗೂ ನಡುವಿನದು.
ಮೂವತ್ತೇಳು: ದಾದಾಪೀರ್.
ಇಂಗ್ಲಿಷಿನಲ್ಲಿ ಸರಿಯಾಗಿ ಎಂಟಕ್ಷರ.

ದಾದಾ ನಮ್ಮ ಕ್ಲಾರಿನೆಟ್.
ಮೇಲಿನ ಮೂರು ಹಲ್ಲು ಹೋದ ಮೇಲೆ
ಸ್ವರಕ್ಕಿಂತ ಮುಂಚೆ ಗಾಳಿ ಬರುತ್ತಿತ್ತು,
ಕದ ತಟ್ಟದೆ ಒಳಬರುವ ನೆಂಟರಂತೆ.
ಒಂದು ರಾತ್ರಿ ಅವರು ಊದುತ್ತಾ ಕೂತರು, ನಾನು ತಿದ್ದುತ್ತಾ:
ಏರು ಇಷ್ಟು, ಇಳಿ ಇಷ್ಟು, ಗಾಳಿ ಇನ್ನೊಂಚೂರು.
ಬೆಳಗಿನ ಬಾಂಗಿನ ಹೊತ್ತಿಗೆ ಒತ್ತಿ ಕೇಳಿಸಿದೆ.
ಕಣ್ಣು ಕಿರಿದು ಮಾಡಿ ಕೇಳಿದರು.
"ಇದು ಕ್ಲಾರ್ನೆಟ್ ಅಲ್ಲಲೇ ಉರುಕುಂದಿ, ನನ್ನ ಬಾಯಿ."
ಯಾವ ಮದುವೆಯಲ್ಲೂ ಅದನ್ನು ನುಡಿಸಿಲ್ಲ.
ಸ್ಪೀಕರು ಹರಿದಿದೆ ಅಂದುಕೊಂಡಾರು ಜನ.

ಅಳಿಸಬಹುದಾದದ್ದು ಇದೊಂದೇ, ಲೆಕ್ಕಕ್ಕೆ ನೋಡಿದರೆ.
ಅಷ್ಟರಲ್ಲಿ ಪರದೆ ಹೇಳಿತು: ಕಾರ್ಡಿನ ಸೆಲ್ ಮುಗಿಯುತ್ತಿದೆ.

ತೀನ್ ಕಂದೀಲಿನ ವಾಚ್ ಅಂಗಡಿ ಸಾಮ್ಯುವೇಲಪ್ಪ
ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿ ಕಾರ್ಡು ತಿರುವಿದ.
"ಹಂಗೇ ಸೆಲ್ ತಗದ್ರ ಎಲ್ಲಾ ಹೋಗತದ.
ಮಿಷಿನ್ದಾಗ ಇಟ್ಟು, ಕರೆಂಟ್ ಇದ್ದಾಗ ತಗೀಬೇಕು."
ಕರೆಂಟ್ ಇದ್ದಾಗ!
ಕೋಟೆ ಗುಡ್ಡ ಹತ್ತಿದರೆ ಶಕ್ತಿನಗರದ ಹೊಗೆ ಕಾಣುತ್ತದೆ;
ಕರೆಂಟು ಮಾತ್ರ ನಮ್ಮನ್ನು ಕಂಡೂ ಕಾಣದಂತೆ ಹೋಗುತ್ತದೆ.

ಆಟೋದಲ್ಲಿ ಯಂತ್ರ ತಂದು
ಅವನ ಗಾಜಿನ ಕಪಾಟಿನ ಮೇಲೆ ಅಡ್ಡ ಮಲಗಿಸಿದೆ.
ಗೋಡೆಯ ತುಂಬ ಗಡಿಯಾರ, ಒಂದಕ್ಕೊಂದು ಒಪ್ಪಿಗೆಯಿಲ್ಲ.
ಚಿಮಟದಲ್ಲಿ ಹಳೆಯ ಸೆಲ್ ಎತ್ತಿದ.
ಫ್ಯಾನು ನಿಧಾನವಾಯಿತು.
ಇನ್ನೂ ನಿಧಾನ, ರೆಕ್ಕೆ ಎಣಿಸುವಷ್ಟು.
"ಯೇಸಪ್ಪಾ" ಅಂದ ಅವನು. ಈರಣ್ಣನ ಹೆಸರು ನನ್ನ ಬಾಯಲ್ಲೇ ಉಳಿಯಿತು.
ಮತ್ತೆ ಹಿಡಿದುಕೊಂಡಿತು ಫ್ಯಾನು.
ಹೊಸ ಸೆಲ್ ಟಕ್ ಅಂತ ಕೂತಿತು.
ನಲವತ್ತು ರೂಪಾಯಿ ಸೆಲ್ಲಿಗೆ, ಹೆದರಿದ್ದಕ್ಕೆ ಏನೂ ತಗೊಳ್ಳಲಿಲ್ಲ.

ಮನೆಗೆ ಬಂದು ಎಣಿಸಿದೆ. ಎಲ್ಲರೂ ಇದ್ದಾರೆ.
ಮೂವತ್ತೇಳರ ಹೆಸರು ಮಾತ್ರ ಕೆಟ್ಟಿದೆ:
ಒಂದು ಪ್ರಶ್ನೆ ಚಿಹ್ನೆ, ಎರಡು ಚೌಕ,
ಯಾವುದೋ ಜಪಾನಿ ಅಕ್ಷರ, ಆಮೇಲೆ ಪೀರ್.
ಒತ್ತಿದೆ.
ಮೊದಲು ಗಾಳಿ.

ಕಾರ್ಡಿನ ಅಂಚಿನಲ್ಲಿ ಸಣ್ಣ ಬೀಗವಿದೆ, ಉಗುರಿಗಷ್ಟೇ ಸಿಗುವಂಥದು.
ಸರಿಸಿದೆ. ಇನ್ನು ಹೊಸದು ಬರೆಯುವಂತಿಲ್ಲ, ಹೆಸರು ತಿದ್ದುವಂತೆಯೂ ಇಲ್ಲ.
ಮಾನ್ವಿಯಲ್ಲಿ ಮದುಮಗನ ತಮ್ಮನೇ
ಮೊಬೈಲನ್ನು ಮೈಕಿಗೆ ಹಿಡಿದ, ಸೈರನ್ ಬಂತು,
ನಾನು ಮಾಡಿದ್ದಕ್ಕಿಂತ ಚೆನ್ನಾಗಿಯೇ ಇತ್ತು.

ದಾದಾ ಈಗ ಮಸ್ಕಿಯಲ್ಲಿ, ಮಗಳ ಹತ್ತಿರ.
ಹೋದ ವಾರ ಫೋನು: ಹಲ್ಲು ಕಟ್ಟಿಸಿದ್ದಾರೆ,
"ಒಂದು ಹನಿ ಗಾಳಿ ಸೋರಂಗಿಲ್ಲ ನೋಡು ಈಗ,"
ಅಂದು ಫೋನಿಗೇ ಊದಿ ತೋರಿಸಿದರು.
ಹೌದು, ಸ್ವಚ್ಛವಾಗಿತ್ತು.
ಯಾರದೋ ಕ್ಲಾರಿನೆಟ್ಟಿನಂತೆ.